ಹಿಂದಿನ ಜಗಲಿಯ ಮೂರು ದಿನ

ಸುಚಿತಾ ನಮ್ಮ ಮನೆಗೆ ಬಂದ ಮೊದಲ ದಿನ ಅಕ್ಕಯ್ಯನನ್ನು ಎತ್ತಿದ ರೀತಿಯನ್ನು ನಾನು ಕಂಡಕಂಡವರ ಹತ್ತಿರ ಹೇಳಿಕೊಂಡಿದ್ದೆ. ಒಂದು ಕೈ ಬೆನ್ನಿನ ಕೆಳಗೆ, ಒಂದು ಕೈ ಮೊಣಕಾಲಿನ ಕೆಳಗೆ, ಅಷ್ಟೇ. ಮಂಚದಿಂದ ಗಾಲಿಕುರ್ಚಿಗೆ ಬಂದದ್ದು ಅಕ್ಕಯ್ಯನಿಗೇ ತಿಳಿಯಲಿಲ್ಲ. ಅದಕ್ಕೆ ಮೊದಲು ಬಂದಿದ್ದ ಮೂವರು ಹೆಂಗಸರು ಒಬ್ಬರ ಹಿಂದೆ ಒಬ್ಬರು ಸೊಂಟ ಹಿಡಿದುಕೊಂಡು ಕೆಲಸ ಬಿಟ್ಟಿದ್ದರು.

ಅಕ್ಕಯ್ಯ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಕುಮಟಾದಲ್ಲಿರುವ ನನ್ನ ಮನೆಗೆ ಬಂದವಳು. ಪಾರ್ಶ್ವವಾಯು ಹೊಡೆದು ಅವಳ ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿತು, ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕಾಗಿ ಉಳಿಯಿತು. ನಾನು ಮದುವೆಯಾಗದೆ, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ ಮೂವತ್ತೊಂದು ವರ್ಷ ಕಳೆದವಳು. ಪೋರ್ಚುಗೀಸರು ಆಫ್ರಿಕದಿಂದ ಹಿಡಿದು ತಂದ ಜನರು ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಜಿಲ್ಲೆಯ ಕಾಡು ಸೇರಿದರು, ಅವರೇ ಸಿದ್ದಿಯರು ಎಂದು ಎಷ್ಟು ತಂಡದ ಮಕ್ಕಳಿಗೆ ಪಾಠ ಹೇಳಿದ್ದೆನೋ. ಆ ಮೂವತ್ತೊಂದು ವರ್ಷಗಳಲ್ಲಿ ಒಬ್ಬಳೇ ಒಬ್ಬ ಸಿದ್ದಿ ಹೆಂಗಸಿನ ಜೊತೆಯೂ ಕೂತು ಚಹಾ ಕುಡಿದಿರಲಿಲ್ಲ.

ಸುಚಿತಾ ಆಗ ನಲವತ್ತೊಂದರ ಹೆಂಗಸು. ಎತ್ತರದ ಆಳು, ಗುಂಗುರು ಕೂದಲನ್ನು ಬಿಗಿದು ಕಟ್ಟುತ್ತಿದ್ದಳು. ಹುಟ್ಟಿದ್ದು ಯಲ್ಲಾಪುರದ ಕಡೆಯ ಕಾಡಿನಲ್ಲಿ. ಗಂಡ ಗೇರುಸೊಪ್ಪದಲ್ಲಿ ಆಣೆಕಟ್ಟಿನ ಕೆಲಸಕ್ಕೆ ಬಂದು, ಅಲ್ಲೇ ಮನೆ ಮಾಡಿ, ಅಲ್ಲೇ ತೀರಿಕೊಂಡಿದ್ದ. ಮನೆಯಲ್ಲಿ ಅತ್ತೆ ಇದ್ದಳು. ಮಗಳು ವಿನುತಾ ಹೊನ್ನಾವರದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಸುಚಿತಾ ಹಗಲೂ ರಾತ್ರಿ ನಮ್ಮಲ್ಲೇ ಉಳಿಯುವುದೆಂದು ಮಾತಾಗಿತ್ತು.

ಪಕ್ಕದ ಮನೆಯ ಕೃಷ್ಣಾನಂದ ಶಾನಭಾಗರು ಬೇಲಿಯ ಆಚೆಯಿಂದಲೇ ಅವಳನ್ನು ನೋಡಿ, "ಸಿದ್ದಿಯರಲ್ವಾ ಅಕ್ಕೋರೆ! ಆ ಮೈಗೆ ದಣಿವು ಅಂದ್ರೆ ಎಂತ ಅಂತಲೇ ಗೊತ್ತಿಲ್ಲ. ನಿಮಗೆ ಲಾಟರಿ ಹೊಡೀತು," ಎಂದರು. ನಮ್ಮ ಊರಿನವರಿಗೆ ನಾನು ಎಂದಿಗೂ ಅಕ್ಕೋರು. ಪಾಠ ಹೇಳಿದ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತಾರೆ.

ಸುಚಿತಾ ಬಟ್ಟೆ ಹರವುತ್ತಲೇ, "ದಣಿವಿಗೆ ನಮ್ಮನೆ ದಾರಿ ಚಲೋ ಗೊತ್ತದೆ ಸಾವ್ಕಾರ್ರೆ. ನಿಮಗೆ ಹೇಳಿ ಬರೂದಿಲ್ಲ, ಅಷ್ಟೇಯ," ಎಂದಳು.

ಶಾನಭಾಗರು ಗಹಗಹಿಸಿ ನಕ್ಕರು. ನಾನೂ ನಕ್ಕೆ. ಅವಳ ಮಾತಿನಲ್ಲಿ ನಗು ಇರುತ್ತಿತ್ತು. ಒಮ್ಮೆ ಮಗಳ ಜೊತೆ ಓಂ ಬೀಚಿಗೆ ಹೋದಾಗ ಟೋಪಿ ಮಾರುವವನು ಅವಳನ್ನು ಪರದೇಶದವಳೆಂದು ತಿಳಿದು ಇಂಗ್ಲಿಷಿನಲ್ಲಿ ಬೆಲೆ ಹೇಳಿದನಂತೆ. "ನಾನಂದೆ, ತಮ್ಮಾ, ನಾನು ಗೇರುಸೊಪ್ಪದವಳು, ಸಮಾ ರೇಟ್ ಹೇಳು ಅಂತ. ಅವನು ಹೆದರಿ ಟೋಪಿ ಬಿಟ್ಟೇ ಓಡ್ದ ಅಕ್ಕೋರೆ, ಕಲ್ಲು ಮಾತಾಡ್ದಂಗೆ ಆತು ಅವಂಗೆ." ಅಕ್ಕಯ್ಯ ಅರ್ಧ ಮುಖದಲ್ಲೇ ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ರೋಗ ಬಿದ್ದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಕ್ಕಯ್ಯನದು ಮಡಿಯ ಮನಸ್ಸು. ದೊಡ್ಡ ಕುಟುಂಬದ ಹಿರಿ ಸೊಸೆಯಾಗಿ ಬಾಳಿದವಳು. ಸಿದ್ದಿ ಹೆಂಗಸು ತನ್ನನ್ನು ಮುಟ್ಟಿ ಎತ್ತುವುದಕ್ಕೆ ಒಪ್ಪಿದಳು, ಒಪ್ಪದೆ ಗತಿಯಿರಲಿಲ್ಲ. ಆದರೆ ಮುಟ್ಟಾದ ಹೆಂಗಸು ಮನೆಯೊಳಗೆ ತಿರುಗಾಡುವುದನ್ನು ಮಾತ್ರ ಒಪ್ಪಲಿಲ್ಲ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಹಾಸಿಗೆ ಹಿಡಿದವಳ ಮನಸ್ಸು ನೋಯಿಸುವುದೇಕೆ ಎಂದು ಸುಮ್ಮನಿದ್ದೆ. ಮೊದಲ ತಿಂಗಳು ಸುಚಿತಾ ತಾನಾಗಿಯೇ ಬಾಗಿಲ ಬಳಿ ನಿಂತು, "ನಾ ಹೊರಗಾದೆ ಅಕ್ಕೋರೆ," ಎಂದಳು. ಅವಳಿಗೆ ನಮ್ಮ ಜನರ ಪದ್ಧತಿ ಗೊತ್ತಿತ್ತು. ಅವಳ ತಾಯಿ ಯಲ್ಲಾಪುರದಲ್ಲಿ ನಮ್ಮಂಥ ಹವ್ಯಕರ ಮನೆಯಲ್ಲೇ ದುಡಿದು ಸತ್ತವಳು.

ಹಾಗೆ ಪ್ರತಿ ತಿಂಗಳೂ ಮೂರು ದಿನ ಅವಳು ಹಿಂದಿನ ಜಗಲಿಯಲ್ಲಿ ಇರುತ್ತಿದ್ದಳು. ಒಂದು ಚಾಪೆ, ಒಂದು ಹೊದಿಕೆ, ಅವಳಿಗೆಂದೇ ಇಟ್ಟ ತಟ್ಟೆ, ಲೋಟ. ಆ ಮೂರು ದಿನ ಹಿರೇಗುತ್ತಿಯ ಕಡೆಯ ಸಣ್ಣಿ ಎಂಬ ತರಕಾರಿ ಮಾರುವ ಹೆಂಗಸು ಬರುತ್ತಿದ್ದಳು. ಸಣ್ಣಿಯೂ ನಾನೂ ಸೇರಿ ಏದುಸಿರು ಬಿಡುತ್ತ ಅಕ್ಕಯ್ಯನನ್ನು ಹೊರಳಿಸುತ್ತಿದ್ದೆವು. ಸುಚಿತಾ ಎರಡು ದಿನ ಮಲಗಿಯೇ ಇರುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆಗೆ ಬರುತ್ತಿದ್ದಳು. ಮಗಳನ್ನು ನೋಡಲು ಹೋಗುತ್ತಾಳೆಂದು ನಾನು ತಿಳಿದಿದ್ದೆ. ಬೇರೆ ರಜೆಯ ಮಾತು ನಮ್ಮ ನಡುವೆ ಬರಲೇ ಇಲ್ಲ. ಹೇಗೂ ತಿಂಗಳಿಗೆ ಮೂರು ದಿನ ಇತ್ತಲ್ಲ.

ಕೆಲವು ತಿಂಗಳು ಅಕ್ಕಯ್ಯ ಇನ್ನಷ್ಟು ಹಟ ಮಾಡುತ್ತಿದ್ದಳು. ಮೂರು ದಿನ ಮುಗಿದು ಸುಚಿತಾ ತಲೆಗೆ ಸ್ನಾನ ಮಾಡಿ ಬಂದರೂ ಕೈ ಅಡ್ಡ ಬೀಸಿ, "ಇವತ್ತು ಬ್ಯಾಡ... ನಾಕು. ನಾಕು ದಿನ ಆಗ್ಲಿ," ಎನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. "ಇದು ಯಾವ ಶಾಸ್ತ್ರನೇ ಅಕ್ಕಯ್ಯ? ಮೂರಿದ್ದದ್ದು ನಾಕು ಎಂತಕ್ಕಾತು?" ಎಂದು ಕೇಳಿದರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದಳು.

ಕಳೆದ ವರ್ಷದ ಮಾರ್ಚಿನಲ್ಲಿ ನಾನು ಕಲಿಸಿದ ಕಾಲೇಜಿನವರೇ ಮಹಿಳಾ ದಿನಕ್ಕೆ ನನ್ನನ್ನು ಮಾತಾಡಲು ಕರೆದರು. ಮುಟ್ಟಿನ ಹೆಸರಿನಲ್ಲಿ ಹೆಂಗಸರನ್ನು ದೂರ ಕೂರಿಸುವ ಅನ್ಯಾಯದ ಬಗ್ಗೆ ನಲವತ್ತು ನಿಮಿಷ ಮಾತಾಡಿದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಒಬ್ಬಳು ಕಣ್ಣೊರೆಸಿಕೊಂಡಳು. ಹಾರ, ಹಣ್ಣಿನ ಬುಟ್ಟಿ ಹಿಡಿದು ಮಧ್ಯಾಹ್ನ ಮನೆಗೆ ಬಂದರೆ ಹಿಂದಿನ ಜಗಲಿಯಲ್ಲಿ ಸುಚಿತಾ ಕೂತಿದ್ದಳು. ಸಣ್ಣಿ ಹೊಸ್ತಿಲ ಒಳಗಿಂದ ತಟ್ಟೆಯನ್ನು ನೆಲದ ಮೇಲೆ ದೂಡಿದಳು. ತಟ್ಟೆ ಕರಕರ ಸದ್ದು ಮಾಡುತ್ತ ಹೋಗಿ ಅವಳ ಕಾಲ ಬಳಿ ನಿಂತಿತು. ಬೇರೆ ತಿಂಗಳುಗಳಲ್ಲಿ ಹಾಗೆ ದೂಡುತ್ತಿದ್ದವಳು ನಾನೇ. ಬೇರೆಯವರ ಕೈಯಿಂದ ಆದದ್ದನ್ನು ನೋಡಿದಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅಲ್ಲೇ ಹೋಗಿ ಅವಳ ಕೈ ಹಿಡಿದು ಎಬ್ಬಿಸಿದೆ. ಒಳಗೆ ಕರೆತಂದು ನನ್ನ ಊಟದ ಮೇಜಿನಲ್ಲಿ ನನ್ನ ಎದುರಿಗೆ ಕೂರಿಸಿದೆ. "ಇನ್ನು ಈ ಮನೆಯಲ್ಲಿ ಹೊರಗೆ ಒಳಗೆ ಎಂಬುದಿಲ್ಲ. ನೀನು ಎಲ್ಲ ದಿನವೂ ಎಲ್ಲವನ್ನೂ ಮುಟ್ಟಬಹುದು," ಎಂದೆ.

ಒಳಗಿನ ಕೋಣೆಯಿಂದ ಅಕ್ಕಯ್ಯ, "ತಂಗೀ... ಬ್ಯಾಡೇ... ಬ್ಯಾಡ," ಎಂದು ಕೂಗಿದಳು.

"ಸುಮ್ನಿರು ಅಕ್ಕಯ್ಯ. ನಾಚಿಕೆ ಆಗಬೇಕು ನಮಗೆ," ಎಂದೆ.

ಅಕ್ಕಯ್ಯ ಅತ್ತಳು. ನಾನು ಸೋಲಲಿಲ್ಲ. ಸಣ್ಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಹಂಗಾರೆ ನಂಗೆ ಇನ್ನು ಇಲ್ಲಿ ಕೆಲ್ಸ ಇಲ್ಲನ್ರಾ?" ಎಂದು ಕೇಳಿದಳು. ಹಣ್ಣಿನ ಬುಟ್ಟಿಯನ್ನು ಅವಳಿಗೆ ಕೊಟ್ಟು ಕಳಿಸಿದೆ.

ಸುಚಿತಾ ಮಾತ್ರ ಸಂತೋಷಪಟ್ಟ ಹಾಗೆ ಕಾಣಲಿಲ್ಲ. ಅನ್ನ ಕಲಸುತ್ತ ಒಮ್ಮೆ ಹಿಂದಿನ ಬಾಗಿಲ ಕಡೆ, ಅರ್ಧ ಸುತ್ತಿದ್ದ ಚಾಪೆಯ ಕಡೆ ನೋಡಿದಳು. "ನಿಮ್ಮ ಇಷ್ಟ ಅಕ್ಕೋರೆ," ಎಂದಳು. ಸಂಕೋಚವೆಂದುಕೊಂಡೆ. ಊಟ ಮುಗಿಸಿದವಳೇ ಎದ್ದು ಹೋಗಿ ಅಕ್ಕಯ್ಯನನ್ನು ಎತ್ತಿದಳು.

ಆಮೇಲೆ ನಾನು ಅವಳಿಗೆ ಎಷ್ಟೆಲ್ಲ ಮಾಡಿದೆ! ಒಳಗಿನ ಕೋಣೆಯಲ್ಲಿ ಅಕ್ಕಯ್ಯನ ಮಂಚದ ಪಕ್ಕದಲ್ಲೇ ಅವಳಿಗೊಂದು ಹಾಸಿಗೆ ಹಾಕಿಸಿದೆ, ಅವಳ ಕಡೆ ತಿರುಗುವಂತೆ ಫ್ಯಾನು ಇಟ್ಟೆ. ಮೆಡಿಕಲ್ ಅಂಗಡಿಗೆ ನಾನೇ ಹೋಗಿ ಅವಳಿಗೆ ಬೇಕಾದ ಪ್ಯಾಡುಗಳನ್ನು ತಂದೆ. ಪ್ಯಾಕೆಟ್ಟುಗಳು ಬೇಗ ಬೇಗ ಮುಗಿಯುತ್ತಿದ್ದವು. ಮಗಳಿಗೂ ಕೊಡುತ್ತಾಳೇನೋ ಎಂದುಕೊಂಡು, ಕೇಳಿ ಮುಜುಗರಪಡಿಸದೆ ಎರಡು ಹೆಚ್ಚೇ ತಂದಿಟ್ಟೆ. ಅವಳು ಹಸಿ ಅಕ್ಕಿಯನ್ನು ಮುಷ್ಟಿ ಮುಷ್ಟಿ ಬಾಯಿಗೆ ಹಾಕಿಕೊಳ್ಳುವುದನ್ನು ಒಂದು ದಿನ ಕಂಡೆ. ಸಣ್ಣ ಮಕ್ಕಳ ಚಟ ಎಂದು ನಕ್ಕು, ಒಳ್ಳೆಯ ಅಕ್ಕಿಯನ್ನು ಆರಿಸಿ ಒಂದು ಡಬ್ಬಿಯಲ್ಲಿ ತುಂಬಿ, "ಇದು ನಿನ್ನ ಪಾಲು," ಎಂದು ಕೊಟ್ಟೆ.

ಎಪ್ರಿಲ್‌ನಲ್ಲಿ ಅವಳು, "ಅಕ್ಕೋರೆ, ಒಂದಿನ ಹೊನ್ನಾವರಕ್ಕೆ ಹೋಗಿ ಡಾಕ್ಟ್ರಿಗೆ ತೋರ್ಸ್ಕಂಡು ಬತ್ತೆ," ಎಂದಳು.

"ಹೋಗು ಹೋಗು. ಅಕ್ಕಯ್ಯನ ಜ್ವರ ಒಂದು ಇಳಿಯಲಿ," ಎಂದೆ.

ಜ್ವರ ಇಳಿಯಿತು. ಮೇ ತಿಂಗಳಲ್ಲಿ ಮತ್ತೆ ಕೇಳಿದಳು. ಆಗ ನನಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು, ಬಗ್ಗುವ ಹಾಗಿರಲಿಲ್ಲ. ಜುಲೈನಲ್ಲಿ ಹೆದ್ದಾರಿಯಲ್ಲಿ ಗುಡ್ಡ ಜರಿದು ಬಸ್ಸು ನಿಂತಿತ್ತು, "ಈ ಮಳೆಯಲ್ಲಿ ಯಾಕೆ," ಎಂದೆ. ಚೌತಿಯ ಹಿಂದಿನ ವಾರ ಕೇಳಿದಾಗ, "ಸಣ್ಣಿಯನ್ನು ಕೇಳಿ ನೋಡ್ತೆ," ಎಂದೆ. ಸಣ್ಣಿ ಬೇರೆ ಮನೆ ಹಿಡಿದಿದ್ದಳು. ಪ್ರತಿ ಸಲವೂ ನಾನು ಅವಳ ಬೆನ್ನ ಮೇಲೆ ಕೈಯಿಟ್ಟೇ ಹೇಳಿದ್ದೆ. ಒರಟಾಗಿ ಒಮ್ಮೆಯೂ ಹೇಳಲಿಲ್ಲ.

ಒಂದು ದಿನ ಆರೋಗ್ಯ ಕಾರ್ಯಕರ್ತೆಯೊಬ್ಬಳು ಮನೆಮನೆ ಸುತ್ತುತ್ತ ರಕ್ತ ಕಡಿಮೆಯಿರುವವರನ್ನು ಗುರುತಿಸಲು ಬಂದಳು. ನನ್ನ ಉಗುರು ನೋಡಿದಳು, ಬೆರಳಿಗೆ ಸೂಜಿ ಚುಚ್ಚಿದಳು. ಸುಚಿತಾಳ ಕೈ ತಿರುಗಿಸಿ ನೋಡಿ ನಕ್ಕು, "ಇವರ ಬಣ್ಣದಲ್ಲಿ ಎಂತ ಬಿಳಿಚಿದ್ದು ಗೊತ್ತಾಗ್ತದ್ರಾ? ಇವರಿಗೆ ಎಂತದೂ ಆಗೂದಿಲ್ಲ, ಗಟ್ಟಿ ಜನ," ಎಂದು ಹಾಳೆಯಲ್ಲಿ ಗುರುತು ಹಾಕಿಕೊಂಡಳು.

"ಚುಚ್ಚಿ ನೋಡಿ ಅಮ್ಮಾ. ನಂದೂ ಕೆಂಪೇ ಬತ್ತದೆ," ಎಂದಳು ಸುಚಿತಾ.

ಎಲ್ಲರೂ ನಕ್ಕೆವು. ಆಕೆ ಚುಚ್ಚದೆ ಎದ್ದು ಹೋದಳು. ನಾನು ಆಕೆಗೆ ಗೇಟಿನವರೆಗೆ ಕೊಡೆ ಹಿಡಿದೆ.

ನವೆಂಬರಿನ ಒಂದು ಮಧ್ಯಾಹ್ನ ಸುಚಿತಾ ಅಕ್ಕಯ್ಯನನ್ನು ಗಾಲಿಕುರ್ಚಿಯಿಂದ ಎತ್ತಿದವಳು ಅರ್ಧದಲ್ಲಿ ನಿಂತಳು. ಮುಖ ಬೂದಿಯ ಹಾಗಾಯಿತು. ಆಗ ಕಂಡೆ, ಕಪ್ಪು ಮುಖವೂ ಬಿಳಿಚುತ್ತದೆ. ನೋಡಿದವರಿಗೆ ಕಾಣುತ್ತದೆ. ಅವಳು ತುಟಿ ಕಚ್ಚಿ ಎರಡು ಹೆಜ್ಜೆ ಇಟ್ಟು ಅಕ್ಕಯ್ಯನನ್ನು ಮಂಚದ ಮೇಲೆ ಮಲಗಿಸಿದಳು. ತಲೆಯಡಿಗೆ ದಿಂಬು ಸರಿಪಡಿಸಿದಳು. ಮಂಚದ ಬದಿಯ ಕಂಬಿಯನ್ನು ಏರಿಸಿ ಚಿಲಕ ಹಾಕಿದಳು. ಆಮೇಲೆ ಗೋಡೆ ಹಿಡಿದು ಕೆಳಗೆ ಕೂತಳು, ಕೂತಲ್ಲೇ ಒರಗಿ ಬಿದ್ದಳು. ಅವಳ ಸೀರೆಯ ಅಡಿಯಿಂದ ರಕ್ತ ನೆಲದ ಗೆರೆಗಳಲ್ಲಿ ಹರಿದುಬಂತು.

ಅಕ್ಕಯ್ಯ ಕಂಬಿ ಬಡಿಯುತ್ತ ಕಿರುಚಿದಳು. ಶಾನಭಾಗರು ಓಡಿಬಂದು ತಮ್ಮ ಕಾರಿನ ಹೊಸ ಸೀಟಿನ ಮೇಲೆ ಅವಳನ್ನು ಮಲಗಿಸಿಕೊಂಡರು. ಬಟ್ಟೆ ಹಾಸಿ ಎಂದು ಕೂಡ ಅವರು ಹೇಳಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದರೆ ಅವಳ ಮೈಯಲ್ಲಿ ಇರಬೇಕಾದ ರಕ್ತದ ಅಂಶದ ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಗರ್ಭಕೋಶದಲ್ಲಿ ಗಡ್ಡೆಗಳು. ಹಸಿ ಅಕ್ಕಿ ತಿನ್ನುವ ಚಪಲವೂ ರಕ್ತ ಕಡಿಮೆಯಾದವರ ಲಕ್ಷಣವಂತೆ. ಅವಳ ಚೀಲದಲ್ಲಿ ಹೊನ್ನಾವರದ ಡಾಕ್ಟರೊಬ್ಬರ ಚೀಟಿಗಳಿದ್ದವು. ತಿಂಗಳಿಗೊಮ್ಮೆ ಬರಬೇಕೆಂದು ಬರೆದಿತ್ತು. ಒಂಬತ್ತು ತಿಂಗಳ ತಾರೀಕುಗಳು ಸಾಲಾಗಿ ಇದ್ದವು. ಕೊನೆಯ ತಾರೀಕು ಫೆಬ್ರವರಿಯದು. ಎಲ್ಲವೂ ಆ ಮೂರನೆಯ ದಿನಗಳು.

ಆಸ್ಪತ್ರೆಯ ಡಾಕ್ಟರಮ್ಮ ಚೀಟಿಗಳನ್ನು ತಿರುವಿ, "ಫೆಬ್ರವರಿಯವರೆಗೆ ಮಾತ್ರೆಯಲ್ಲಿ ಹಿಡಿತದಲ್ಲಿತ್ತು. ಆಮೇಲೆ ಯಾಕೆ ಬಿಟ್ಟರು?" ಎಂದು ನನ್ನನ್ನು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆಂದು ಆಗ ಅಂದುಕೊಂಡೆ.

ರಕ್ತ ಬೇಕಾಯಿತು. ವಿನುತಾ ಫೋನಿನಲ್ಲಿ ಎಲ್ಲೆಲ್ಲಿಗೋ ಸುದ್ದಿ ಕಳಿಸಿದಳು. ಭಟ್ಕಳದಿಂದ ಬಟ್ಟೆ ಅಂಗಡಿಯವನೊಬ್ಬ ಅಂಗಡಿ ಮುಚ್ಚಿ ಬೈಕಿನಲ್ಲಿ ಬಂದ. ರಕ್ತ ಕೊಟ್ಟು, ಅಲ್ಲಿ ತನಗೆ ಕೊಟ್ಟ ಬಿಸ್ಕತ್ತಿನ ಪೊಟ್ಟಣವನ್ನು ವಿನುತಾಳ ಕೈಗೇ ಇಟ್ಟು, "ನಿಮ್ಮ ತಾಯಿಗೆ ಗುಣ ಆಗಲಿ, ದುವಾ ಮಾಡ್ತೇನೆ," ಎಂದು ಹೊರಟುಹೋದ. ಅವನಿಗೆ ಅವಳ ಹೆಸರೂ ಗೊತ್ತಿರಲಿಲ್ಲ. ಅವಳ ಜೊತೆ ಒಂದೂವರೆ ವರ್ಷ ಒಂದೇ ಸೂರಿನಡಿ ಇದ್ದವಳು ನಾನು.

ಮೂರನೆಯ ದಿನ ಅವಳಿಗೆ ಮಾತಾಡುವಷ್ಟು ಶಕ್ತಿ ಬಂತು. ನಾನು ಹಾಸಿಗೆಯ ಪಕ್ಕ ಕೂತು ಅವಳ ಕೈ ಹಿಡಿದು, "ನನಗೆ ಹೇಳಬಾರದಿತ್ತಾ ಸುಚಿತಾ?" ಎಂದೆ.

"ಹೇಳಿದ್ದೆ ಅಕ್ಕೋರೆ. ನಾಕು ಸಲ."

"ಇಷ್ಟು ಜೋರಾಗಿದೆ ಅಂತ ಹೇಳಲಿಲ್ಲವಲ್ಲ."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ನಿಮ್ಮ ಜಗಲಿ ಚಲೋ ಇತ್ತು ಅಂತ ಅಲ್ಲ. ನಾಯಿಗೆ ಹಾಕ್ದಂಗೆ ತಟ್ಟೆ ದೂಡ್ತಿದ್ರಿ. ನಮ್ಮವ್ವಗೂ ಹಂಗೇ ದೂಡ್ತಿದ್ರು, ಅದ್ನ ನೋಡೇ ಬೆಳ್ದವಳು ನಾನು. ಆದ್ರೆ ಆ ಮೂರು ದಿನ ಯಾರೂ ನನ್ನ ಕರೀತಿರ್ಲಿಲ್ಲ ಅಕ್ಕೋರೆ. ಸುಚಿತಾ ನೀರು, ಸುಚಿತಾ ಮಗ್ಗುಲು ತಿರ್ಗ್ಸು, ಸುಚಿತಾ ಕಿಟಕಿ. ಎಂತದೂ ಇಲ್ಲ. ನನ್ನ ತಲೆ ಒಳಗೆ ಒಂದು ಸದ್ದು ಇರ್ತದೆ, ಮಿಕ್ಸರ್ ತಿರ್ಗ್ದಂಗೆ. ಆ ಜಗಲಿ ಮೇಲೆ ಮಲಗ್ದಾಗ ಮಾತ್ರ ಅದು ನಿಲ್ತಿತ್ತು. ಎರಡು ದಿನ ಮಲಗ್ತಿದ್ದೆ, ಮೂರನೇ ದಿನ ಡಾಕ್ಟ್ರ ಹತ್ರ ಹೋಗ್ತಿದ್ದೆ. ನೀವು ಬಂದು ಕೈ ಹಿಡ್ದು ಎಬ್ಬಿಸಿ ಮೇಜಿಗೆ ಕೂರ್ಸಿದ್ರಿ. ತಟ್ಟೆ ಎತ್ತಿದ್ರಿ, ಸಮಾ ಆತು. ಮೂರು ದಿನನೂ ಎತ್ಕಂಡ್ರಿ."

ನಾನು ಅವಳ ಹೊದಿಕೆಯ ಅಂಚನ್ನು ಸರಿಪಡಿಸಿದೆ.

"ದೊಡ್ಡಮ್ಮಂಗೆ ತಿಳ್ದಿತ್ತು," ಎಂದಳು ಅವಳು. ಅಕ್ಕಯ್ಯನನ್ನು ಅವಳು ಕರೆಯುತ್ತಿದ್ದದ್ದು ಹಾಗೆ. "ಅವರ ಕಿಟಕಿಯಿಂದ ಬಟ್ಟೆ ಒಗೆಯೂ ಕಲ್ಲು ಕಾಣ್ತದೆ. ನಾನು ನಾಕನೇ ದಿನವೂ ಬಟ್ಟೆ ತೊಳೀತಿದ್ರೆ ನೋಡಿ, ನಾಕು ದಿನ ಆಗ್ಲಿ ಅಂತಿದ್ರು. ಒಂದ್ಸಲ ನಂಗೆ ಕಣ್ಣು ಮಿಟುಕ್ಸಿದ್ರು. ನೀವು ಅವರ ಮೇಲೆ ರೇಗ್ತಿದ್ರಿ."

ಯಾರ ಮನೆಯಲ್ಲಿ ಯಾರು ಯಾರಿಗೆ ಸಣ್ಣ ಉಪಕಾರ ಮಾಡಿದರೂ ನನ್ನ ಕಣ್ಣು ತಪ್ಪುವುದಿಲ್ಲವೆಂಬ ಹೆಮ್ಮೆ ನನಗಿತ್ತು. ನನ್ನ ಮನೆಯ ಒಳಕೋಣೆಯಲ್ಲಿ, ಅರ್ಧ ಮೈ ಸತ್ತ ನನ್ನ ಅಕ್ಕ, ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ, ಮಡಿಯ ಹೆಸರು ಹೇಳಿ ಅವಳಿಗೆ ಒಂದು ದಿನ ಹೆಚ್ಚು ಕೊಡಿಸುತ್ತಿದ್ದಳು. ನಾನು ಅವಳನ್ನು ಕರ್ಮಠೆ ಎಂದು ಬೈದಿದ್ದೆ.

ಶಸ್ತ್ರಚಿಕಿತ್ಸೆ ಆಯಿತು. ಡಾಕ್ಟರಮ್ಮ ವಿನುತಾಳನ್ನೂ ನನ್ನನ್ನೂ ಕರೆದು, ಬಹಳ ತಿಂಗಳು ರಕ್ತವಿಲ್ಲದೆ ಹೃದಯ ದಣಿದು ದೊಡ್ಡದಾಗಿದೆ, ಅದು ಪೂರ್ತಿ ಮೊದಲಿನಂತಾಗುವುದು ಕಷ್ಟ, ಭಾರ ಎತ್ತುವ ಕೆಲಸ ಇನ್ನು ಈ ಜನ್ಮದಲ್ಲಿ ಬೇಡ ಎಂದರು. ಅವಳಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ.

"ನಮ್ಮನೆಗೇ ಬಾ. ಎರಡು ತಿಂಗಳು ಮಲಗಿರು. ನಾನು ನೋಡಿಕೊಳ್ಳುತ್ತೇನೆ," ಎಂದೆ ನಾನು. ಮನಸಾರೆ ಹೇಳಿದೆ.

"ಬ್ಯಾಡ ಅಕ್ಕೋರೆ. ಅಲ್ಲಿ ನಾ ಮಲಗಿದ್ರೆ ದೊಡ್ಡಮ್ಮ ನರಳ್ತಾರೆ. ಅವರು ಕರೀದಿದ್ರೂ ನಾ ಏಳ್ತೆ. ಅದೇ ನನ್ನ ರೋಗ. ಗಡ್ಡೆ ಡಾಕ್ಟ್ರು ತೆಗೆದ್ರು. ಇದನ್ನ ನಾನೇ ತೆಗೀಬೇಕು."

ವಿನುತಾ ತಾಯಿಯ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ತಲೆಯೆತ್ತದೆ, "ನನ್ನಮ್ಮ ಗಟ್ಟಿ ಅಲ್ಲ ಮೇಡಮ್. ನಿಮಗೆಲ್ಲ ಗಟ್ಟಿ ಇರೋರು ಒಬ್ರು ಬೇಕಿತ್ತು," ಎಂದಳು. ತಾಯಿ ಅವಳನ್ನು ಗದರಿಸಲಿಲ್ಲ.

ಅವಳು ಹೋದ ಮೇಲೆ ನಮ್ಮ ಮನೆಗೆ ಇಬ್ಬರು ಬಂದು ಬಿಟ್ಟು ಹೋದರು. ಅಕ್ಕಯ್ಯನ ಬೆನ್ನಿನಲ್ಲಿ ಹುಣ್ಣಾಯಿತು. ಸುಚಿತಾ ಇದ್ದಾಗ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಫೆಬ್ರವರಿಯಲ್ಲಿ, ಎರಡು ಗಂಟೆಯ ಮಟ್ಟಿಗೆ ಎಂದು ಶಾನಭಾಗರ ಹೆಂಡತಿಯನ್ನು ಕೂರಿಸಿ, ನಾನು ಗೇರುಸೊಪ್ಪಕ್ಕೆ ಹೊರಟೆ. ಎರಡು ಗಂಟೆಯಲ್ಲಿ ಬರಲಾಗುವುದಿಲ್ಲವೆಂದು ಆಕೆಗೂ ಗೊತ್ತಿತ್ತು. "ಹೋಗಿ ಬನ್ನಿ, ನಾನಿದ್ದೇನೆ," ಎಂದರು. ಚೀಲದಲ್ಲಿ ಎರಡು ಹೊಸ ಹತ್ತಿ ಸೀರೆ, ಟಾನಿಕ್ಕು, ಖರ್ಜೂರ ಇಟ್ಟುಕೊಂಡಿದ್ದೆ. ಭಾರ ಎತ್ತುವುದು ಬೇಡ, ಸುಮ್ಮನೆ ಬಂದು ಅಕ್ಕಯ್ಯನ ಜೊತೆ ಕೂತಿರು, ಎತ್ತಲು ಬೇರೆಯವರನ್ನು ಇಡುತ್ತೇನೆ ಎಂದು ಕೇಳುವ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಹೊನ್ನಾವರದಲ್ಲಿ ಬಸ್ಸು ಬದಲಿಸುವಾಗ ಆ ಡಾಕ್ಟರ ಬೋರ್ಡು ಕಂಡಿತು. ಬಸ್ ಸ್ಟ್ಯಾಂಡಿನಿಂದ ನಡೆದರೆ ಐದು ನಿಮಿಷ.

ಸುಚಿತಾಳ ಮನೆ ರಸ್ತೆಯಿಂದ ಸ್ವಲ್ಪ ಮೇಲೆ ಇದೆ. ಅಂಗಳದಲ್ಲಿ ಅವಳ ಅತ್ತೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ನನ್ನನ್ನು ನೋಡಿ, "ಹೋಗಿ ಹೋಗಿ, ಒಳಗೆ ಮಹಾರಾಣಿ ಪವಡಿಸ್ಯಾಳೆ. ಊಟ ಆದ್ಮೇಲೆ ಎರಡು ತಾಸು ಮಾತಾಡ್ಸೂ ಹಂಗಿಲ್ಲ ಅಂತ ಕಾನೂನು ಮಾಡ್ಕಂಡಾಳೆ. ನಮ್ಮ ಕಾಲದಲ್ಲಿ ಹೆತ್ತ ಮೂರನೇ ದಿನಕ್ಕೆ ಕಟ್ಟಿಗೆ ಹೊರ್ತಿದ್ದೆವು," ಎಂದಳು.

ಒಳಗೆ ಕಿಟಕಿಯ ಪಕ್ಕ ಸುಚಿತಾ ಚಾಪೆಯ ಮೇಲೆ ಮಲಗಿದ್ದಳು. ನನ್ನನ್ನು ನೋಡಿ ನಕ್ಕಳು. ಆದರೆ ಏಳಲಿಲ್ಲ. ಆಸ್ಪತ್ರೆಯ ದಿನಗಳನ್ನು ಬಿಟ್ಟರೆ, ನಾನು ಕೋಣೆಗೆ ಬಂದಾಗ ಅವಳು ಏಳದೆ ಇದ್ದದ್ದು ಅದೇ ಮೊದಲು.

"ಕೂತ್ಕಳಿ ಅಕ್ಕೋರೆ. ನನ್ನ ಹೊತ್ತು ಇದು, ಮೂರೂವರೆ ತನಕ. ಒಲೆ ಅಲ್ಲೇ ಅದೆ, ಹಾಲು ಮುಚ್ಚಿಟ್ಟಿದ್ದೆ. ಚಾ ಮಾಡ್ಕಳಿ. ನಂಗೂ ಒಂದು ಲೋಟ ಕೊಡಿ, ಸಕ್ರೆ ಕಮ್ಮಿ."

ನಾನು ಅವಳ ಅಡುಗೆಮನೆಯಲ್ಲಿ ಚಹಾಪುಡಿ ಹುಡುಕಿ ಚಹಾ ಮಾಡಿದೆ. ಹಾಲು ಉಕ್ಕಿಸಿಬಿಟ್ಟೆ, ಒರೆಸಿದೆ. ಲೋಟ ತಂದು ಚಾಪೆಯ ಪಕ್ಕ ಇಡಹೋದೆ. ಇಡುವಾಗ ಕೈ ತಡೆಯಿತು. ನೆಲದ ಮೇಲೆ ದೂಡಿದ ಹಾಗಾಗಬಾರದೆಂದು ಎತ್ತಿ ಅವಳ ಕೈಗೇ ಕೊಟ್ಟೆ. ಅವಳು ಅದನ್ನು ಗಮನಿಸಿದಳು. ಮಲಗಿದಲ್ಲೇ ಗೋಡೆಗೆ ಒರಗಿ ಗುಟುಕು ಗುಟುಕಾಗಿ ಕುಡಿದಳು. ಮುಖ ಸೊರಗಿತ್ತು. ಮೆಟ್ಟಿಲು ಹತ್ತಿದರೆ ಈಗಲೂ ಉಬ್ಬಸ ಬರುತ್ತದೆ ಎಂದಳು. ಊರಿನವರು ಸೋಮಾರಿ ಎನ್ನುತ್ತಾರೆ, ಹೊಸದಾಗಿ ಕಲಿತ ಹೊಲಿಗೆಯಿಂದ ಬರುವುದು ಸಾಲುವುದಿಲ್ಲ ಎಂದಳು. "ಆದ್ರೆ ತಲೆ ಒಳಗಿನ ಸದ್ದು ಕಮ್ಮಿ ಆಗ್ಯದೆ."

"ಸುಚಿತಾ! ಏ ಸುಚಿತಾ! ಕೋಳಿ ಒಳಗೆ ಬಂತೇ!" ಎಂದು ಅತ್ತೆ ಅಂಗಳದಿಂದ ಕೂಗಿದಳು.

ಸುಚಿತಾ ಹಂಚಿನ ಕಡೆ ನೋಡುತ್ತ ಮಲಗಿದ್ದಳು. ಮತ್ತೆ ಕೂಗು ಬಂತು. ಅವಳ ಕಾಲಿನ ಬೆರಳುಗಳು ಒಮ್ಮೆ ಮಡಚಿದ್ದನ್ನು ಕಂಡೆ. ಎದ್ದೇ ಬಿಡುತ್ತಾಳೆ ಎನಿಸಿತು. ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳು ಹಾಗೇ ಮಲಗಿದಳು. ನಾನು ಏಳಹೋದೆ.

"ಕೂತ್ಕಳಿ ಅಕ್ಕೋರೆ. ಅವರ ಕೈಕಾಲು ಚಲೋ ಅದೆ."

ಅತ್ತೆ ಗೊಣಗುತ್ತ ತಾನೇ ಬಂದು ಕೋಳಿಯನ್ನು ಅಟ್ಟಿಕೊಂಡು ಹೋದಳು.

ಜೋಡಿಸಿ ತಂದ ಮಾತನ್ನು ನನಗೆ ಆಡಲಾಗಲಿಲ್ಲ. ಆದರೂ ನಾಲಿಗೆ ಸುಮ್ಮನಿರಲಿಲ್ಲ. "ಅಕ್ಕಯ್ಯ ದಿನಾ ನಿನ್ನನ್ನೇ ಕೇಳ್ತಾಳೆ. ಬೆನ್ನು ಹುಣ್ಣಾಗಿದೆ," ಎಂದುಬಿಟ್ಟೆ.

ಅವಳ ಕಣ್ಣು ತುಂಬಿತು. ಒಂದು ಗಳಿಗೆ ನಾನು ಗೆದ್ದೆನೆಂದುಕೊಂಡೆ. ಎಪ್ಪತ್ತೊಂದರ ನನ್ನ ಮನಸ್ಸಿನಲ್ಲಿ ಆ ಆಸೆ ಎದ್ದದ್ದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

"ತೆಂಗಿನೆಣ್ಣೆ ಹಚ್ಚಬ್ಯಾಡಿ, ಹುಣ್ಣು ಒಣಗಿರ್ಲಿ. ಎರಡೆರಡು ತಾಸಿಗೆ ಮಗ್ಗುಲು ತಿರ್ಗ್ಸಿ," ಎಂದಳು. "ದೊಡ್ಡಮ್ಮಂಗೆ ಹೇಳಿ ಅಕ್ಕೋರೆ. ನಾಕು ದಿನ ಇನ್ನೂ ಮುಗೀಲಿಲ್ಲ ಅಂತ."

ಹೊರಡುವಾಗ ಖರ್ಜೂರ, ಟಾನಿಕ್ಕು ಇಟ್ಟುಕೊಂಡಳು. ಸೀರೆಗಳನ್ನು ಮಾತ್ರ ಚೀಲಕ್ಕೇ ವಾಪಸು ಹಾಕಿಸಿದಳು. "ಇದು ಬ್ಯಾಡ. ನೀವು ಕೊಟ್ಟದ್ದು ಉಟ್ರೆ ನಾ ಮತ್ತೆ ಏಳ್ತೆ."

ಮನೆ ಮುಟ್ಟಿದಾಗ ಬೀದಿಯ ದೀಪ ಹತ್ತುತ್ತಿತ್ತು. ಅಕ್ಕಯ್ಯ ಬಾಗಿಲನ್ನೇ ನೋಡುತ್ತಿದ್ದಳು. ನನ್ನ ಹಿಂದೆ ಯಾರೂ ಇಲ್ಲವೆಂದು ಕಂಡು ಕಣ್ಣು ಮುಚ್ಚಿದಳು. ನಾನು ಅವಳ ಕಿವಿಯ ಬಳಿ ಬಗ್ಗಿ ಸುಚಿತಾ ಹೇಳಿದ್ದನ್ನು ಹೇಳಿದೆ.

ಅಕ್ಕಯ್ಯನ ಎಡ ತುಟಿ ನಿಧಾನಕ್ಕೆ ಮೇಲೇರಿತು. "ಆತು," ಎಂದಳು. "ಮಲಗ್ಲಿ."

ಆಮೇಲೆ ನಾನು ಒಂದು ಕೈಯನ್ನು ಅವಳ ಬೆನ್ನಿನ ಕೆಳಗೆ, ಒಂದು ಕೈಯನ್ನು ಮೊಣಕಾಲಿನ ಕೆಳಗೆ ಇಟ್ಟು, ಮಗ್ಗುಲು ತಿರುಗಿಸಲು ನೋಡಿದೆ. ಹುಣ್ಣಿಗೆ ಬಟ್ಟೆ ಅಂಟಿ ಅವಳು ಚೀರಿದಳು. ನನ್ನಿಂದ ಆಗಲಿಲ್ಲ. ಬೇಲಿಯ ಬಳಿ ಹೋಗಿ ಶಾನಭಾಗರನ್ನು ಕೂಗಿದೆ.